ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ... ನಮಗೆ ನಾಚಿಕೆಯೂ ಇಲ್ಲವೇ?

"ಅಣ್ಣಾ, ಹಲ್ಲು ಒಂಚೂರು ಬೆಳ್ಳಗ ಮಾಡಿಕೊಡ್ರಿ."

ಕೊಟ್ಟೂರಿನ ನನ್ನ ಪ್ರೆಸ್ಸಿಗೆ ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಸಲು ಬರುವ ಹುಡುಗರು ಹೇಳುವ ಮಾತಿದು. ಮೊದಮೊದಲು ನಾನು ನಗುತ್ತಿದ್ದೆ. ಈಗಿನ ಹುಡುಗರಿಗೆ ಸಿನಿಮಾ ಹೀರೋ ಥರ ಕಾಣಬೇಕೆಂಬ ಆಸೆ, ಇರಲಿ ಬಿಡು ಅಂದುಕೊಂಡಿದ್ದೆ. ಆಮೇಲೆ ಗಮನಿಸಿದೆ. ಎಲ್ಲ ಊರಿನ ಹುಡುಗರೂ ಹೀಗೆ ಕೇಳುವುದಿಲ್ಲ. ಕೆಲವು ಹಳ್ಳಿಯವರು ಮಾತ್ರ ಕೇಳುತ್ತಾರೆ. ಅದೇ ಹಳ್ಳಿಗಳಿಂದ ಮಗಳ ಫೋಟೋ ಹಿಡಿದು ಬರುವ ಅಪ್ಪಂದಿರು ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಹೊರಗೆ ನಿಲ್ಲುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಒಳಗೆ ಬಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಗಂಡಿನ ಕಡೇರಿಗೆ ತೋರಿಸಬೇಕ್ರಿ... ಹಲ್ಲಿನ ಕಲೆ ಕಾಣದಂಗ ಮಾಡ್ರಿ."

ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ. ಹದಿನೈದು ವರ್ಷದಲ್ಲಿ ಎಷ್ಟು ಹಲ್ಲು ತೊಳೆದೆನೋ ಲೆಕ್ಕವಿಲ್ಲ. ಕೊಟ್ಟೂರಿನ ಯಾವ ಹಲ್ಲಿನ ಡಾಕ್ಟರೂ ನನ್ನಷ್ಟು ಹಲ್ಲು ಬೆಳ್ಳಗೆ ಮಾಡಿರಲಿಕ್ಕಿಲ್ಲ!

ಗೆಳೆಯರೇ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ಕನ್ನಡದ ಹುಡುಗರೇ, ಆ ಕಂದು ಕಲೆ ಎಲೆ ಅಡಿಕೆಯದಲ್ಲ. ಗುಟ್ಕಾದ್ದೂ ಅಲ್ಲ. ಹಲ್ಲುಜ್ಜದ ಸೋಮಾರಿತನದ್ದಂತೂ ಅಲ್ಲವೇ ಅಲ್ಲ. ಅದು ನೀರಿನ ಕಲೆ. ಫ್ಲೋರೈಡ್ ಹೆಚ್ಚಿರುವ ಬೋರಿನ ನೀರನ್ನು ಎಳೆಯ ಮಕ್ಕಳು ಕುಡಿದರೆ, ಒಸಡಿನೊಳಗೆ ಪಕ್ಕಾ ಹಲ್ಲು ರೂಪ ತಳೆಯುತ್ತಿರುವಾಗಲೇ ಕಲೆ ಹತ್ತುತ್ತದೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಆ ಅಪಾಯ. ಆಮೇಲೆ ಎಷ್ಟು ಉಜ್ಜಿದರೂ ಅದು ಹೋಗದು. ಅದೇ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಹಲ್ಲಿನಿಂದ ಎಲುಬಿಗೆ ಇಳಿಯುತ್ತದೆ. ಮೊಣಕಾಲು ಹಿಡಿಯುತ್ತದೆ, ಬೆನ್ನು ಸೆಟೆಯುತ್ತದೆ, ಕುತ್ತಿಗೆ ತಿರುಗುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಐದು ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕಥೆ ಇದು. ಹೊಸ ಕಥೆಯೂ ಅಲ್ಲ. ಈ ರೋಗ ಕುಡಿಯುವ ನೀರಿನಿಂದ ಬರುತ್ತದೆಂದು ನಮ್ಮ ದೇಶದಲ್ಲಿ ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಆಗ ನೆಲ್ಲೂರೂ ಮದ್ರಾಸ್ ಪ್ರಾಂತದಲ್ಲಿತ್ತು, ನಮ್ಮ ಬಳ್ಳಾರಿ ಜಿಲ್ಲೆಯೂ ಅದೇ ಮದ್ರಾಸ್ ಪ್ರಾಂತದಲ್ಲಿತ್ತು. ಡಾಕ್ಟರುಗಳು ಇಂಗ್ಲಿಷಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, ಡಾಕ್ಟರುಗಳು ಓದಿದರು. ಕೊಡ ಹೊತ್ತವಳಿಗೆ ಯಾರು ಹೇಳಿದರು? ಅವಳ ಭಾಷೆಯಲ್ಲಿ ಯಾರು ಹೇಳಿದರು?

ಇಲ್ಲಿಂದ ನನ್ನ ಜಗಳ ಶುರು. ಈ ಜಗಳ ಸರ್ಕಾರದೊಂದಿಗೆ ಮಾತ್ರ ಅಲ್ಲ, ನಿಮ್ಮೊಂದಿಗೂ ಹೌದು.

ಪರೀಕ್ಷೆಯಲ್ಲಿ ಪಾಸು, ಬಾಳಿನಲ್ಲಿ ಫೇಲು

ನಾನು ಓದಿದ್ದು ಪಿಯುಸಿ ಅಷ್ಟೇ. ಶಾಲೆ ಬಿಟ್ಟ ಮೇಲೆ ಟ್ರೆಡಲ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಾ ಬೆಳೆದವನು. ಆದರೆ ಒಂದು ಭಾಗ್ಯ ನನಗಿದೆ. ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆ ನನ್ನಲ್ಲಿ ಪ್ರಿಂಟ್ ಆಗುತ್ತವೆ. ವರ್ಷ ವರ್ಷವೂ ಪ್ರೂಫ್ ನೋಡುತ್ತೇನೆ. ವರ್ಷ ವರ್ಷವೂ ಅದೇ ಪ್ರಶ್ನೆ: "ಶುದ್ಧ ನೀರಿನ ಗುಣಲಕ್ಷಣಗಳನ್ನು ತಿಳಿಸಿ." ಉತ್ತರ ನಿಮಗೂ ಬಾಯಿಪಾಠ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೂರು ಅಂಕ.

ಈಗ ಸ್ವಲ್ಪ ಯೋಚನೆ ಮಾಡಿ. ಫ್ಲೋರೈಡಿಗೆ ಬಣ್ಣವಿದೆಯೇ? ಇಲ್ಲ. ವಾಸನೆ? ಇಲ್ಲ. ನಮ್ಮ ಬೋರುಗಳಲ್ಲಿ ಬರುವ ಪ್ರಮಾಣಕ್ಕೆ ರುಚಿಯೂ ಗೊತ್ತಾಗುವುದಿಲ್ಲ. ಹಾಗಾದರೆ ಆ ಪಾಠ ಓದಿ ಮೂರಕ್ಕೆ ಮೂರು ತೆಗೆದುಕೊಂಡ ಹುಡುಗಿ ನಳದ ಕೆಳಗೆ ಕೊಡ ಹಿಡಿದಾಗ ಏನೆಂದುಕೊಳ್ಳಬೇಕು? ಶುದ್ಧ ನೀರು! ಪುಸ್ತಕದ ಪ್ರಕಾರ ಶುದ್ಧ ನೀರು! ಅವಳ ಹಲ್ಲಿಗೆ ಕಲೆ ಹಚ್ಚಿದ ನೀರೇ ಅವಳ ಪಾಠದ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಅದೇ ಬೆಂಚಿನಲ್ಲಿ ಇನ್ನೊಬ್ಬ ಹುಡುಗನಿದ್ದಾನೆ ಅಂದುಕೊಳ್ಳಿ. ಅವನೂರಿನ ನೀರು ಸವಳು. ಅವನವ್ವ ದಿನಾ ಗೊಣಗುತ್ತಾಳೆ: ಈ ನೀರಾಗ ಬ್ಯಾಳಿ ಬೇಯಂಗಿಲ್ಲ, ಸೋಪು ನೊರೆ ಬರಂಗಿಲ್ಲ. ಅವನು ಪ್ರಾಮಾಣಿಕವಾಗಿ "ನಮ್ಮೂರ ನೀರಿಗೆ ರುಚಿ ಇದೆ, ಸವಳು ಇದೆ" ಎಂದು ಬರೆದರೆ ಕೆಂಪು ಗೀಟು. ಸೊನ್ನೆ. ಅಲ್ಲ ಸ್ವಾಮಿ, ಆ ಹುಡುಗನ ತಾಯಿ ಹೇಳುತ್ತಿರುವುದು ಗಡಸು ನೀರಿನ ಪಾಠವಲ್ಲವೇ? ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿದ್ದರೆ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ. ಅಡುಗೆಮನೆಯೇ ಪ್ರಯೋಗಾಲಯ. ಅವಳ ಗೊಣಗಾಟಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪುಸ್ತಕ ಬರೆದಿದೆ?

ನೀರಿನ ದೊಡ್ಡ ಗುಣವೇ ಕರಗಿಸಿಕೊಳ್ಳುವುದು. ಉಪ್ಪು ಹಾಕಿದರೆ ಉಪ್ಪು, ಬೆಲ್ಲ ಹಾಕಿದರೆ ಬೆಲ್ಲ, ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತರೆ ಬಂಡೆಯನ್ನೂ ಇಷ್ಟಿಷ್ಟೇ ಕರಗಿಸಿಕೊಳ್ಳುತ್ತದೆ. ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ದಾರಿಯಲ್ಲಿ ಒಮ್ಮೆ ನೋಡಿ, ಗುಡ್ಡವೆಂದರೆ ಬಂಡೆಗಳ ರಾಶಿ. ಇಂಥ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳು ಇರುತ್ತವೆ. ನಮ್ಮ ಅಜ್ಜಂದಿರು ಮೂವತ್ತು ನಲವತ್ತು ಅಡಿ ಬಾವಿಯ ನೀರು ಸೇದಿದರು. ಆ ನೀರು ಮಳೆಯಿಂದ, ಕೆರೆಯಿಂದ ಇಂಗಿ ಬಂದ ಹೊಸ ನೀರು. ನಾವು ಬೋರಿನ ಲಾರಿ ತಂದು ನೂರಾರು ಅಡಿ ಕೊರೆದೆವು. ಕಲ್ಲಿನೊಳಗೆ ಎಷ್ಟು ಕಾಲದಿಂದ ನೆನೆಯುತ್ತಿತ್ತೋ ಆ ನೀರು ಮೇಲೆ ಬಂತು. ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ, ಕೈ ಮುಗಿದು ಕುಡಿದೆವು.

ಜಲಚಕ್ರದ ಚಿತ್ರ ನೆನಪಿದೆಯೇ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿಮದ ಟೋಪಿ ಹಾಕಿದ ಬೆಟ್ಟ, ಮೇಲೆ ಮೋಡ, ಬಾಣದ ಗುರುತು. ನಮ್ಮ ಮಕ್ಕಳು ಸಮುದ್ರ ನೋಡಿಲ್ಲ. ಹಿಮ ನೋಡಿದ್ದು ಸಿನಿಮಾ ಹಾಡಿನಲ್ಲಿ. ಅವರು ನೋಡಿರುವ ಜಲಚಕ್ರವೇ ಬೇರೆ. ಮುಂಗಾರು ಕೈಕೊಡುತ್ತದೆ, ಹಿಂಗಾರು ಎರಡು ದಿನ ಬಡಿದು ಹೋಗುತ್ತದೆ, ಹಳ್ಳ ಒಂದು ರಾತ್ರಿ ಕೆಂಪಗೆ ಹರಿದು ಬೆಳಿಗ್ಗೆ ಮರಳಾಗಿರುತ್ತದೆ, ಕೆರೆಯ ಕೋಡಿ ಬಿದ್ದರೆ ಊರೇ ಬಾಗಿನ ಕೊಡುತ್ತದೆ. ಆ ಹಳ್ಳ, ಕೋಡಿ, ತೂಬು, ಒರತೆ ಯಾವುದೂ ಚಿತ್ರದಲ್ಲಿಲ್ಲ. ಬೋರಂತೂ ಇಲ್ಲವೇ ಇಲ್ಲ. ನೆಲದೊಳಗೆ ಹೋಗುವ ಬಾಣ ಇದ್ದರೂ ಸಣ್ಣದು. ಅದು ಕಲ್ಲಿನೊಳಗೆ ಏನು ಮಾಡುತ್ತದೆ ಎಂದು ಹೇಳುವುದಿಲ್ಲ. ನಮ್ಮ ಮಕ್ಕಳ ಎಲುಬಿನ ಕಥೆಯೆಲ್ಲ ಇರುವುದು ಆ ಸಣ್ಣ ಬಾಣದಲ್ಲಿ!

ಆವಿಯ ಪಾಠವನ್ನೇ ತೆಗೆದುಕೊಳ್ಳಿ. ನೀರು ಕಾದು ಆವಿಯಾಗುತ್ತದೆ. ನೀರಷ್ಟೇ ಹೋಗುತ್ತದೆ, ಕರಗಿದ್ದ ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರ ನೋಡಿದವರಿಗೆ ಇದು ಗೊತ್ತು. ಇಷ್ಟು ಮನಸ್ಸಿಗೆ ಇಳಿದಿದ್ದರೆ ನಮ್ಮ ತಾಯಂದಿರು ಒಂದು ತಪ್ಪು ಮಾಡುತ್ತಿರಲಿಲ್ಲ. "ನೀರು ಕೆಟ್ಟದೈತಿ, ಕುದಿಸಿ ಕುಡೀರಿ" ಎಂದು ಯಾರೋ ಹೇಳಿದ್ದನ್ನು ನಂಬಿ, ಫ್ಲೋರೈಡ್ ನೀರನ್ನು ಕುದಿಸಿ ಮಕ್ಕಳಿಗೆ ಕೊಡುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಸೌದೆಯೂ ಖರ್ಚು, ವಿಷವೂ ಗಟ್ಟಿ.

ಇನ್ನೊಂದು ಕಡೆ, ಕುದಿಸಲೇಬೇಕಾದ ನೀರೂ ನಮ್ಮಲ್ಲಿದೆ. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಆರು ಮಂದಿ ಸತ್ತ ಸುದ್ದಿ ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಬಂತು. ಆಗಿನ ಮುಖ್ಯಮಂತ್ರಿ ತನಿಖೆಗೆ ಹೇಳಿದರು, ಪರಿಹಾರ ಘೋಷಣೆಯಾಯಿತು. ಅಂಥ ನೀರಿನ ಅಪಾಯ ಕ್ರಿಮಿಗಳದ್ದು. ಅಲ್ಲಿ ಕುದಿಸುವುದೇ ಮದ್ದು. ಮಕರಬ್ಬಿಯಂಥ ನೀರಿಗೆ ಬೆಂಕಿ ಬೇಕು, ಫ್ಲೋರೈಡ್ ನೀರಿಗೆ ಬೆಂಕಿ ಬೇಡ. ಎರಡೂ ನೀರು ಕಣ್ಣಿಗೆ ಒಂದೇ. ಈ ಒಂದು ವ್ಯತ್ಯಾಸವನ್ನು ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಕೇಳಿ ನೋಡಿ. ನಾನು ನನ್ನ ಅಂಗಡಿಗೆ ಬಂದ ಹುಡುಗರನ್ನು ಕೇಳಿದ್ದೇನೆ. "ಫಿಲ್ಟರ್ ನೀರು ಕುಡಿದರ ಆತಲ್ಲಣ್ಣ" ಅನ್ನುತ್ತಾರೆ. ಆ ಫಿಲ್ಟರ್ ಏನನ್ನು ಸೋಸುತ್ತದೆ, ಅದರ ಪೊರೆ ಬದಲಾಯಿಸಿ ಎಷ್ಟು ದಿನವಾಯಿತು, ಸೋಸಿ ಬಿಟ್ಟ ಗಟ್ಟಿ ನೀರು ಎಲ್ಲಿಗೆ ಹೋಯಿತು ಎಂದರೆ ಮೊಬೈಲ್ ನೋಡಲು ಶುರು ಮಾಡುತ್ತಾರೆ.

ನಾಟ್ ಪೋರ್ಟಬಲ್!

ಇದು ಭಾಷೆಯ ಪತ್ರಿಕೆ, ಇವನೇಕೆ ನೀರಿನ ಪುರಾಣ ಊದುತ್ತಿದ್ದಾನೆ ಎನ್ನುತ್ತೀರಾ? ಭಾಷೆಗೇ ಬಂದೆ.

ಒಂದು ದಿನ ಸಂಘದ ಒಬ್ಬ ಅಕ್ಕ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಮಡಚಿ ಮಡಚಿ ಹರಿಯಲು ಬಂದ ಒಂದು ಕಾಗದ. ಜೆರಾಕ್ಸ್ ಬೇಕಾಗಿತ್ತು. "ಏನಕ್ಕಾ ಇದು?" ಅಂದೆ. "ನಮ್ಮೂರ ಬೋರಿನ ನೀರಿನ ರಿಪೋರ್ಟ್ ಅಂತಣ್ಣ. ಇದರಾಗ ಏನೈತಿ ಓದಿ ಹೇಳು" ಅಂದರು. ಕಾಗದ ಪೂರ್ತಿ ಇಂಗ್ಲಿಷ್. ಪಿ.ಎಚ್., ಟಿ.ಡಿ.ಎಸ್., ಹಾರ್ಡ್‌ನೆಸ್, ನೈಟ್ರೇಟ್, ಫ್ಲೋರೈಡ್, ಮುಂದೆ ಅಂಕಿ. ಕೊನೆಯಲ್ಲಿ ಎರಡು ಪದ. ನಾನು ಓದಿದೆ: "ನಾಟ್ ಪೋರ್ಟಬಲ್."

ಪೋರ್ಟಬಲ್ ಅಂದರೆ ಎತ್ತಿಕೊಂಡು ಹೋಗುವಂಥದ್ದು, ಪೋರ್ಟಬಲ್ ಟಿವಿ ಇದ್ದ ಹಾಗೆ. "ಈ ನೀರನ್ನ ಬ್ಯಾರೆ ಕಡೆ ಒಯ್ಯಂಗಿಲ್ಲ ಅಂತ ಐತಕ್ಕ" ಎಂದು ಧೈರ್ಯವಾಗಿ ಹೇಳಿಬಿಟ್ಟೆ! ಅವರು "ನಾವೆಲ್ಲಿಗೆ ಒಯ್ಯಾಣ ಬಿಡು, ಮನೀಗೆ ಒಯ್ತೀವಿ ಅಷ್ಟ" ಎಂದು ನಕ್ಕು ಹೋದರು. ರಾತ್ರಿ ಊಟಕ್ಕೆ ಕೂತಾಗ ಯಾಕೋ ಮನಸ್ಸು ಕೊರೆಯಿತು. ಜೆರಾಕ್ಸಿನ ಒಂದು ಕೆಟ್ಟ ಪ್ರತಿ ಅಂಗಡಿಯಲ್ಲೇ ಉಳಿದಿತ್ತು. ಬೆಳಿಗ್ಗೆ ಹೋಗಿ ಡಿಕ್ಷನರಿ ತೆಗೆದೆ. ಪೋರ್ಟಬಲ್ ಅಲ್ಲ, ಪೋಟಬಲ್. ಕುಡಿಯಲು ಯೋಗ್ಯ. ನಾಟ್ ಪೋಟಬಲ್ ಅಂದರೆ ಕುಡಿಯಲು ಯೋಗ್ಯವಲ್ಲ. ಫ್ಲೋರೈಡ್ ಮಿತಿಯ ಎರಡು ಪಟ್ಟು ದಾಟಿತ್ತು. ಕಾಗದದ ಮೇಲಿನ ತಾರೀಕು ನೋಡಿದೆ. ಅದು ಬಂದು ತಿಂಗಳುಗಳೇ ಆಗಿದ್ದವು. ಅಷ್ಟೂ ದಿನ ಆ ಊರಿನ ಅಂಗನವಾಡಿ ಮಕ್ಕಳು ಅದೇ ನೀರು ಕುಡಿದಿದ್ದರು. ಯಾರೂ ಮುಚ್ಚಿಟ್ಟಿರಲಿಲ್ಲ. ಕಾಗದ ಊರಿನಲ್ಲೇ ಇತ್ತು. ಓದಲು ಬರುವ ಭಾಷೆಯಲ್ಲಿ ಇರಲಿಲ್ಲ, ಅಷ್ಟೇ.

ಅವತ್ತು ಆ ಹಳ್ಳಿಗೆ ಬೈಕ್ ತೆಗೆದುಕೊಂಡು ಹೋಗಿ ತಪ್ಪು ಒಪ್ಪಿಕೊಂಡು ಬಂದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಹೇಳಿ. 1963ರಲ್ಲೇ ಈ ರಾಜ್ಯದಲ್ಲಿ ರಾಜ್ಯಭಾಷಾ ಕಾಯ್ದೆ ಬಂತು. ಆಮೇಲೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಬಂತು. 2023ರ ಡಿಸೆಂಬರಿನಲ್ಲಿ ನೀವು ಬೆಂಗಳೂರಿನ ಬೀದಿಗಿಳಿದಿರಿ, ಇಂಗ್ಲಿಷ್ ಬೋರ್ಡುಗಳು ಉದುರಿದವು, ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಸಂತೋಷ. ನಾನೂ ಕೊಟ್ಟೂರಿನಲ್ಲಿ ಕೂತು ಚಪ್ಪಾಳೆ ತಟ್ಟಿದವನೇ. ಆದರೆ ಕೇಳುತ್ತೇನೆ, ಚಪ್ಪಲಿ ಅಂಗಡಿಯ ಬೋರ್ಡಿಗೆ ಶೇಕಡ 60 ಕನ್ನಡ ಬೇಕು, ಮಗುವಿನ ಬಾಯಿಗೆ ಹೋಗುವ ನೀರಿನ ರಿಪೋರ್ಟಿಗೆ ಶೇಕಡ ಎಷ್ಟು? ಬೋರ್ಡು ಇಂಗ್ಲಿಷಿನಲ್ಲಿದ್ದರೆ ನಮ್ಮ ಮಾನ ಹೋಗುತ್ತದೆ, ಸರಿ. ರಿಪೋರ್ಟು ಇಂಗ್ಲಿಷಿನಲ್ಲಿದ್ದರೆ ಎಲುಬು ಹೋಗುತ್ತದೆ. ಮಾನಕ್ಕೆ ಬೀದಿಗಿಳಿದವರು ಎಲುಬಿಗೆ ಯಾಕೆ ಇಳಿಯಲಿಲ್ಲ?

ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎಂಬ ಹಳೇ ರಾಗ ತೆಗೆಯುವವರು ನಿಮ್ಮ ಆಫೀಸಿನಲ್ಲೂ ಇರುತ್ತಾರೆ. ಅವರಿಗೆ ಹೇಳಿ: 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ' ಬರೆದರು. ನೂರು ವರ್ಷದ ಹಿಂದೆ ಸಾಧ್ಯವಾದದ್ದು ಇವತ್ತು ಒಂದು ಪುಟದ ರಿಪೋರ್ಟಿಗೆ ಸಾಧ್ಯವಿಲ್ಲವೇ?

ಕನ್ನಡದ ಹೆಸರಿನಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತದೆ, ಅದನ್ನೂ ಹೇಳಬೇಕು. ಇಂಗ್ಲಿಷ್ ಮೀಡಿಯಂ ಮಗು "ಇವಾಪರೇಷನ್, ಕಂಡೆನ್ಸೇಷನ್, ಪ್ರೆಸಿಪಿಟೇಷನ್" ಎಂದು ಗಿಳಿಯ ಹಾಗೆ ಒಪ್ಪಿಸುತ್ತದೆ. ಕನ್ನಡ ಮೀಡಿಯಂ ಮಗು "ಬಾಷ್ಪೀಕರಣ, ಸಾಂದ್ರೀಕರಣ" ಎಂದು ಒಪ್ಪಿಸುತ್ತದೆ. ಎರಡೂ ಗಿಳಿಯೇ! ಆರುವುದು, ಆವಿಯಾಗುವುದು, ಹನಿಗಟ್ಟುವುದು, ಇಂಗುವುದು, ಒಸರುವುದು, ಜಿನುಗುವುದು: ನಮ್ಮ ಭಾಷೆಯಲ್ಲಿ ನೀರಿಗೆ ಇಷ್ಟೊಂದು ಮಾತುಗಳಿರುವಾಗ ಮಗುವಿನ ಬಾಯಿಗೆ ಕಲ್ಲು ಯಾಕೆ ತುರುಕುತ್ತೀರಿ? ಹಾಗೆಂದು ಫ್ಲೋರೈಡಿಗೆ ಕನ್ನಡ ಪದ ಹುಡುಕುತ್ತಾ ಹತ್ತು ವರ್ಷ ಸಮಿತಿ ಮಾಡಿ ಕೂರುವುದೂ ಬೇಡ. ಫ್ಲೋರೈಡ್ ಫ್ಲೋರೈಡೇ ಆಗಿರಲಿ. ಬಸ್ಸು, ಸೋಪು, ಬೋರು ಕನ್ನಡವಾದ ಹಾಗೆ ಅದೂ ಆಗುತ್ತದೆ. ಅದು ಹಲ್ಲಿಗೆ ಏನು ಮಾಡುತ್ತದೆ ಎಂಬುದು ಕನ್ನಡದಲ್ಲಿರಲಿ.

ಟಿ.ಎಂ.ಸಿ. ಗೊತ್ತು, ಪಿ.ಪಿ.ಎಂ. ಗೊತ್ತಿಲ್ಲ

ಜನಕ್ಕೆ ಅಂಕಿಅಂಶ ಅರ್ಥವಾಗದು ಎನ್ನುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಅವರನ್ನು ಹಗರಿಬೊಮ್ಮನಹಳ್ಳಿಯ ಒಂದು ಚಹಾದಂಗಡಿಗೆ ಕರೆದುಕೊಂಡು ಹೋಗಿ. ತುಂಗಭದ್ರಾ ಡ್ಯಾಮು ಕಟ್ಟಿದಾಗ 133 ಟಿ.ಎಂ.ಸಿ. ಇತ್ತು, ಹೂಳು ತುಂಬಿ 105ಕ್ಕೆ ಬಂತು ಎಂದು ಸಹಿ ಹಾಕಲು ಬಾರದ ರೈತ ಬಾಯಲ್ಲೇ ಹೇಳುತ್ತಾನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ದಿನಕ್ಕೆ ಎಷ್ಟು ನೀರು ಹೋಯಿತೆಂದು ಹಳ್ಳಿಕಟ್ಟೆಯ ಮೇಲೆ ಲೆಕ್ಕ ನಡೆದಿತ್ತು. ಟಿ.ಎಂ.ಸಿ. ಅಂದರೆ ಸಾವಿರ ದಶಲಕ್ಷ ಘನ ಅಡಿ. ಇದು ಯಾವ ಶಾಲೆಯ ಪಾಠ? ಯಾವ ಶಾಲೆಯದ್ದೂ ಅಲ್ಲ. ಕಾವೇರಿ, ಕೃಷ್ಣಾ, ತುಂಗಭದ್ರೆ, ಮಹಾದಾಯಿಯ ಜಗಳಗಳು ಕಲಿಸಿದ ಪಾಠ. ಪತ್ರಿಕೆಗಳು, ಭಾಷಣಗಳು, ಬಂದ್‌ಗಳು, ನಿಮ್ಮ ನಮ್ಮ ಘೋಷಣೆಗಳು ಕಲಿಸಿದ ಪಾಠ. ಇಡೀ ಕನ್ನಡ ನಾಡಿಗೆ ಟಿ.ಎಂ.ಸಿ. ಕಲಿಸಿದ ಚಳವಳಿ ಪಿ.ಪಿ.ಎಂ. ಕಲಿಸಲಾರದೇ?

ಎಷ್ಟು ನೀರು ಎಂದು ಕೇಳಿದೆವು. ಎಂಥ ನೀರು ಎಂದು ಕೇಳಲೇ ಇಲ್ಲ.

ಕಲಿಸುವುದು ಕಷ್ಟವೂ ಅಲ್ಲ. ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್ ಟ್ಯಾಂಕು ಎಲ್ಲರಿಗೂ ಗೊತ್ತು. ಅಂಥ ತುಂಬಿದ ಟ್ಯಾಂಕಿನಲ್ಲಿ ಒಂದು ಗ್ರಾಂ ಫ್ಲೋರೈಡ್ ಇದ್ದರೆ ಅದೇ ಒಂದು ಪಿ.ಪಿ.ಎಂ., ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿ ಅಷ್ಟೇ. ಬೇರೆ ನೀರೇ ಸಿಗದಿದ್ದರೆ ಒಂದೂವರೆವರೆಗೆ ಸಹಿಸಬಹುದು. ಅದರ ಮೇಲೆ ಬೇಡ. ಒಂದು ಟ್ಯಾಂಕು, ಒಂದು ಚಿಟಿಕೆ. ಇದು ಅರ್ಥವಾಗಲು ಎಂ.ಎಸ್ಸಿ. ಬೇಕೇ?

2019ರಲ್ಲಿ ಶುರುವಾದ ಜಲ ಜೀವನ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕೆಂದು ಹೇಳುತ್ತದೆ. ಅದಕ್ಕೊಂದು ಕಿಟ್ ಇದೆ. ನೀರಿಗೆ ಔಷಧಿಯ ಹನಿ ಹಾಕಿ ಬಂದ ಬಣ್ಣವನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಿದರೆ ಫ್ಲೋರೈಡ್ ಎಷ್ಟೆಂದು ಅಂದಾಜು ಸಿಗುತ್ತದೆ. ಇನ್ನೊಂದು ಸಣ್ಣ ಸೀಸೆಯಲ್ಲಿ ನೀರು ತುಂಬಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಗಾಗುತ್ತದೆ. ಕಪ್ಪಾದರೆ ನೀರಿಗೆ ಮಲಿನ ಸೇರಿದೆ ಎಂದು ಅರ್ಥ. ಎಂಥ ಅದ್ಭುತ ಪಾಠ ಇದು! ಬಣ್ಣವಿಲ್ಲದ ನೀರು ಕಣ್ಣೆದುರೇ ತನ್ನ ಬಣ್ಣ ಬಯಲು ಮಾಡುವುದನ್ನು ನೋಡಿದ ಮಗು ಸಾಯುವವರೆಗೆ ಮರೆಯುವುದಿಲ್ಲ. ಆ ಕಿಟ್ಟು ತಿಂಗಳಿಗೊಮ್ಮೆ ಶಾಲೆಗೆ ಬರಲಿ. ಆ ಅಕ್ಕಂದಿರೇ ಬಂದು ಮಕ್ಕಳ ಮುಂದೆ ಪರೀಕ್ಷೆ ಮಾಡಲಿ. ಮೇಷ್ಟ್ರು ಪಕ್ಕದಲ್ಲಿ ನಿಂತು ಪಾಠ ಹೇಳಲಿ. ಬಂದ ಅಂಕಿಯನ್ನು ಬಿಸಿಯೂಟದ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ: ತಾರೀಕು, ಯಾವ ಬೋರು, ಫ್ಲೋರೈಡ್ ಎಷ್ಟು, ಕುಡಿಯಬಹುದೋ ಬಾರದೋ.

ಜಲಚಕ್ರ ಹೇಳಬೇಕಾದರೆ ಮಕ್ಕಳನ್ನು ಊರಿನ ಕೆರೆಗೆ ಕರೆದುಕೊಂಡು ಹೋಗಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹಕ್ಕಿಗಳಿಂದಾಗಿ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ನಮ್ಮ ಹಿರಿಯರು ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ ಇವತ್ತು ಜಗತ್ತಿನ ನಕ್ಷೆಯಲ್ಲಿದೆ. ಕೆರೆ ತುಂಬಿದ ವರ್ಷ ಕೆಳಗಿನ ಬಾವಿ ಸಿಹಿಯಾಗುತ್ತದೆ ಎಂಬುದು ಅಜ್ಜಿಯರಿಗೆ ಗೊತ್ತು. ಮಳೆಯ ನೀರು ಇಂಗಿದಷ್ಟೂ ಒಳಗಿನ ಉಪ್ಪು ತಿಳಿಯಾಗುತ್ತದೆ, ಅದೇ ಕಾರಣ. ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಮಾತನ್ನು ಜನ ಹಿಡಿದು ಕೂತದ್ದು ಸುಮ್ಮನೆ ಅಲ್ಲ.

ಅಥವಾ ಶಾಲೆಯ ಮಾಳಿಗೆಗೇ ಹತ್ತಿಸಿ ಲೆಕ್ಕ ಮಾಡಿಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಮೀಟರ್ ಉದ್ದ, 8 ಮೀಟರ್ ಅಗಲದ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. 80,000 ಲೀಟರ್! ಐದರಲ್ಲಿ ಒಂದು ಪಾಲು ಚೆಲ್ಲಿಹೋದರೂ 64,000. ನೂರೈವತ್ತು ಮಕ್ಕಳು ಶಾಲೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಕುಡಿದರೆ 220 ದಿನಕ್ಕೆ 49,500. ಮಿಕ್ಕಿದ್ದರಲ್ಲಿ ಬೇಳೆ ಬೇಯಿಸಿ. ಮಳೆಯ ನೀರೆಂದರೆ ಸೂರ್ಯನೇ ಭಟ್ಟಿ ಇಳಿಸಿದ ನೀರು. ಫ್ಲೋರೈಡು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಾಳಿಗೆ ಗುಡಿಸಿ, ಮೊದಲ ಮಳೆ ಹೊರಗೆ ಬಿಟ್ಟು, ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಮುಚ್ಚಿಟ್ಟು, ಕ್ರಿಮಿಗಾಗಿ ಕುದಿಸಿ ಕುಡಿಯಬೇಕು ಅಷ್ಟೇ. ಒಂದೇ ಮಾಳಿಗೆಯ ಮೇಲೆ ಗಣಿತ, ಜಲಚಕ್ರ, ನೀರಿನ ಗುಣ ಮೂರೂ ಪಾಠ ಮುಗಿಯಿತು.

ನಿಮ್ಮ ಊರಿನ ನಳದ ಕಥೆಯೇನು? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಬತ್ತಿ ಟ್ಯಾಂಕರ್ ಹಿಂದೆ ಓಡಿದಿರಲ್ಲ, ಆ ಟ್ಯಾಂಕರಿನ ನೀರು ಎಲ್ಲಿಯದೆಂದು ಒಬ್ಬರಾದರೂ ಕೇಳಿದಿರಾ? ದುಡ್ಡು ಕೊಟ್ಟು ಕುಡಿಯುವ ಕ್ಯಾನಿನ ಮೇಲಿನ ಅಕ್ಷರ ಓದಿದ್ದೀರಾ? ಆ ಪಾಪದಲ್ಲಿ ನನಗೂ ಪಾಲಿದೆ. ಇಲ್ಲಿನ ನೀರಿನ ವ್ಯಾಪಾರಿಗಳಿಗೆ ನೀಲಿ ಬಣ್ಣದಲ್ಲಿ, ಹಿಮದ ಬೆಟ್ಟದ ಚಿತ್ರ ಹಾಕಿ, ಇಂಗ್ಲಿಷಿನಲ್ಲಿ ಲೇಬಲ್ ಪ್ರಿಂಟ್ ಮಾಡಿ ಕೊಟ್ಟವನು ನಾನೇ. ಒಳಗಿನ ನೀರಿನ ಅಂಕಿ ಕೇಳಲಿಲ್ಲ. ಬಿಲ್ ಕೇಳಿದೆ.

ನಮ್ಮ ಈ ನೆಲ ಕನ್ನಡಕ್ಕೆ ಸುಮ್ಮನೆ ಸಿಕ್ಕಿದ್ದಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿಯ ಜೊತೆ ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದರ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ವಿಜಯೋತ್ಸವದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಎಸೆದರು, ಅವರು ಜೀವ ಕೊಟ್ಟರು. ಆಮೇಲೆ ನಾವು ಕಂಡದ್ದು ಬರೀ ಕಾಗದದ ಓಡಾಟ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿಸಿದರು. ಲೆಟರ್‌ಹೆಡ್ ಬದಲಾದಾಗಲೆಲ್ಲ ನನ್ನಂಥ ಪ್ರೆಸ್ಸಿನವರಿಗೆ ಆರ್ಡರ್ ಬಂತು. ಬೋರಿನ ನೀರು ಮಾತ್ರ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಯಿತು.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ನಿಮಗೆ ಇಂಗ್ಲಿಷೂ ಬರುತ್ತದೆ, ಕನ್ನಡವೂ ಬರುತ್ತದೆ. ಅದು ಸಂಘದ ಅಕ್ಕನಿಗೆ ಇಲ್ಲದ ಶಕ್ತಿ, ನನಗೂ ಅರ್ಧವೇ ಇರುವ ಶಕ್ತಿ. ಯುಗಾದಿಗೋ ಜಾತ್ರೆಗೋ ನಿಮ್ಮ ನಿಮ್ಮ ಊರಿಗೆ ಹೋದಾಗ ಗ್ರಾಮ ಪಂಚಾಯ್ತಿಗೆ ಹೋಗಿ ನೀರಿನ ರಿಪೋರ್ಟ್ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕನ್ನಡದಲ್ಲೇ ಹಾಕಿ. ರಿಪೋರ್ಟ್ ಇಂಗ್ಲಿಷಿನಲ್ಲಿ ಬಂದರೆ ಕನ್ನಡದಲ್ಲಿ ಕೊಡಿ ಎಂದು ಮತ್ತೊಂದು ಅರ್ಜಿ ಹಾಕಿ. ಚಳವಳಿ ಮಾಡುವುದಿದ್ದರೆ ಈ ಒಂದು ಬೇಡಿಕೆಗೆ ಮಾಡಿ: ರಾಜ್ಯದ ಯಾವ ನೀರು ಪರೀಕ್ಷೆಯ ಲ್ಯಾಬಿನಿಂದ ಹೊರಗೆ ಬರುವ ಕಾಗದವೂ ಕನ್ನಡದಲ್ಲಿರಬೇಕು, ಕೊನೆಯ ಸಾಲಿನಲ್ಲಿ "ಈ ನೀರನ್ನು ಕುಡಿಯಬಾರದು" ಎಂದು ದಪ್ಪ ಅಕ್ಷರದಲ್ಲಿ ಇರಬೇಕು. ಕಪ್ಪು ಮಸಿ ಬಳಿಯಲು ತೋರಿದ ಉತ್ಸಾಹದ ಕಾಲು ಭಾಗ ಇದಕ್ಕೆ ಸಾಕು.

ನನ್ನ ಪಾಲಿನದನ್ನು ನಾನು ಶುರು ಮಾಡಿದ್ದೇನೆ. ಒಂದು ಕಾರ್ಡು ಕಂಪೋಸ್ ಮಾಡಿಟ್ಟಿದ್ದೇನೆ, ಶಾಲೆಯ ಗೋಡೆಗೆ ಅಂಟಿಸುವಷ್ಟು ದೊಡ್ಡದು. ಮೇಲೆ ಊರಿನ ಹೆಸರಿಗೆ ಜಾಗ, ಬೋರು ಎಲ್ಲಿದೆ ಎಂಬುದಕ್ಕೆ ಜಾಗ, ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ. ಫ್ಲೋರೈಡ್ ಒಂದರ ಒಳಗಿದ್ದರೆ ಹಸಿರು, ಒಂದರಿಂದ ಒಂದೂವರೆಗೆ ಹಳದಿ, ಮೇಲೆ ಹೋದರೆ ಕೆಂಪು. ಕೆಳಗೆ ಎರಡೇ ಸಾಲು: ಕ್ರಿಮಿಯಿದ್ದರೆ ಕುದಿಸಿ ಕುಡಿಯಿರಿ. ಫ್ಲೋರೈಡ್ ಇದ್ದರೆ ಕುದಿಸಿ ಉಪಯೋಗವಿಲ್ಲ, ನೀರನ್ನೇ ಬದಲಾಯಿಸಿ. ಐದೂ ತಾಲ್ಲೂಕಿನ ಯಾವ ಶಾಲೆ ಕೇಳಿದರೂ ಪ್ರಿಂಟಿಂಗ್ ನನ್ನ ಖರ್ಚು. ಆ ಸಂಘದ ಅಕ್ಕನ ಊರಿನ ಶಾಲೆಗೆ ಮೊದಲನೆಯದನ್ನು ಕೊಟ್ಟು ಬಂದೆ. ಮೊದಲ ಮನೆಗೆ ಆರನೇ ತರಗತಿಯ ಹುಡುಗಿಯೊಬ್ಬಳು ಕೆಂಪು ಬಣ್ಣ ತುಂಬಿದಳು. ಹನ್ನೊಂದು ಮನೆ ಇನ್ನೂ ಖಾಲಿ ಇವೆ.